ಡಾಂಬರಿನ ಬಿಸಿ

ಮಧ್ಯಾಹ್ನ ಕಲಬುರಗಿಯ ಸೇಡಂ ರಸ್ತೆ. ಸ್ಕೂಟರಿನ ಸೈಡ್ ಸ್ಟ್ಯಾಂಡ್ ಮೆತ್ತಗಾದ ಡಾಂಬರಿನೊಳಗೆ ಇಳಿಯುತ್ತಿತ್ತು. ಕಬ್ಬಿನ ಹಾಲಿನವನು ಶಹಾಬಾದ್ ಕಲ್ಲಿನ ತುಂಡು ಕೊಟ್ಟ: "ಇದ್ರ ಮ್ಯಾಲ ನಿಂದ್ರಸ್ರಿ ಅಣ್ಣಾ."

ಸ್ವಿಟ್ಜರ್ಲೆಂಡಿನ ಡೇರ್ಲಿಗೆನ್ ಹತ್ತಿರದ ಹೆದ್ದಾರಿ ಸೇತುವೆಯೊಂದರಲ್ಲಿ ರಸ್ತೆಯೊಳಗೇ ಪೈಪುಗಳಿವೆ, 1994ರ ಕೆಲಸ. ಪೈಪಿನಲ್ಲಿ ಹರಿಯುವ ದ್ರವ ಬೇಸಿಗೆಯ ಬಿಸಿಯನ್ನು ಎಳೆದುಕೊಂಡು ಪಕ್ಕದ ಬಂಡೆಯ ಆಳಕ್ಕೆ ಒಯ್ಯುತ್ತದೆ. ಚಳಿಗಾಲದಲ್ಲಿ ಅದೇ ಬಿಸಿ ವಾಪಸ್ ಬಂದು ಸೇತುವೆ ಮೇಲೆ ಮಂಜುಗಡ್ಡೆ ಕಟ್ಟದಂತೆ ಕಾಯುತ್ತದೆ. ಭಾರಿ ಐಡಿಯಾ, ಅಲ್ವಾ?

ಆದ್ರೆ ನಮಗೆ ಆ ಬಿಸಿ ಯಾಕೆ ಬೇಕು? ಮೇ ತಿಂಗಳಲ್ಲಿ ನಲ್ಲಿ ತಿರುಗಿಸಿದರೆ ಟ್ಯಾಂಕಿನ ನೀರೇ ಕೈ ಸುಡುತ್ತದೆ. ಬಿಸಿನೀರಿನಿಂದ ನಡೆಯುವ ಎಸಿ ಯಂತ್ರಗಳೂ ಇವೆ. ಅವು ಸಾಮಾನ್ಯವಾಗಿ 80 ಡಿಗ್ರಿ ಆಸುಪಾಸಿನ ನೀರು ಕೇಳುತ್ತವೆ, ಡಾಂಬರು ಅಷ್ಟು ಕೊಡೋದಿಲ್ಲ. ಆದರೂ ಬಿಸಿ ಎಳೆದುಕೊಂಡರೆ ರಸ್ತೆಯಾದರೂ ಒಂದಿಷ್ಟು ತಣ್ಣಗಿದ್ದೀತು. ಲಾರಿ ಗಾಲಿಗೆ ಡಾಂಬರು ಕುಸಿಯೋದು ಕಮ್ಮಿಯಾದೀತು. ಸಂಜೆ ಓಣಿಯ ಝಳವೂ ಇಳಿದೀತು. ನನಗಂತೂ ಆ ಬಿಸಿ ಬಳಸೋದಕ್ಕಿಂತ ಇದೇ ಜಾಸ್ತಿ ಲಾಭ ಅನ್ನಿಸುತ್ತದೆ.

ಒಂದೇ ಚಿಂತೆ. ಪೈಪ್ ಹೂತ ಮರುದಿನ ಇನ್ಯಾರೋ ಕೇಬಲ್ ಹಾಕಲು ಜೆಸಿಬಿ ತಂದರೆ?