ಆಡುತ್ತಲೇ ಚಾರ್ಜ್ ಆಗಬೇಕಾದರೆ

ಓಪನ್ ಹಾರ್ಡ್‌ವೇರ್ ಹ್ಯಾಂಡ್‌ಹೆಲ್ಡ್ (ವಿನ್ಯಾಸ ಎಲ್ಲರಿಗೂ ತೆರೆದಿರುವ, ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ) ಕಟ್ಟುವವರ ಕಣ್ಣೆಲ್ಲ ಪ್ರೊಸೆಸರ್, ಡಿಸ್‌ಪ್ಲೇ ಮೇಲೆ. ಮೊದಲ ಬೋರ್ಡ್ ಕೈಕೊಡುವುದು ಮಾತ್ರ ಹೆಚ್ಚಾಗಿ ಪವರ್ ಭಾಗದಲ್ಲೇ.

ಹಲವರು ಹಾಕುವ ಲಿಥಿಯಂ ಬ್ಯಾಟರಿ ಚಾರ್ಜರ್ ಚಿಪ್ ಟಿಪಿ4056. ಚಾರ್ಜ್ ಕರೆಂಟ್ ನಿಗದಿ ಮಾಡುವ ಅದರ ಪ್ರೋಗ್ ಪಿನ್‌ಗೆ 1.2 ಕಿಲೋಓಮ್ ರೆಸಿಸ್ಟರ್ ಕೊಟ್ಟರೆ 1 ಆಂಪಿಯರ್‌ನಲ್ಲಿ ಚಾರ್ಜ್. 1000 ಎಂಎಎಚ್ ಸೆಲ್‌ಗೆ 2 ಕಿಲೋಓಮ್ ಹಾಕಿ, ಸುಮಾರು 580 ಮಿಲಿಆಂಪಿಯರ್ ಸಾಕು. ಕರೆಂಟ್ ನಿಗದಿಯ ಹತ್ತನೇ ಒಂದು ಭಾಗಕ್ಕೆ ಇಳಿದಾಗ ಚಿಪ್ ಚಾರ್ಜಿಂಗ್ ನಿಲ್ಲಿಸುತ್ತದೆ. ಲೋಡನ್ನು, ಅಂದರೆ ಆಟ ನಡೆಸುವ ಸರ್ಕ್ಯೂಟನ್ನು, ನೇರ ಬ್ಯಾಟರಿ ತುದಿಗೇ ಜೋಡಿಸಿದರೆ ಎಡವಟ್ಟು ಇಲ್ಲೇ: ಆಟ 400 ಮಿಲಿಆಂಪಿಯರ್ ಎಳೆಯುತ್ತಿದ್ದರೆ ಕರೆಂಟ್ ಅಷ್ಟು ಇಳಿಯುವುದೇ ಇಲ್ಲ, ಸೆಲ್ ತುಂಬಿದ್ದು ಚಿಪ್‌ಗೆ ಗೊತ್ತಾಗುವುದಿಲ್ಲ. ಸೆಲ್ ಗಂಟೆಗಟ್ಟಲೆ 4.2 ವೋಲ್ಟ್‌ನಲ್ಲಿ ಕೂತು ಸವೆಯುತ್ತದೆ.

ಇದಕ್ಕೆ ಬೇಕಿರುವುದು ಮೂರೇ ಬಿಡಿಭಾಗ. ಯುಎಸ್‌ಬಿ 5 ವೋಲ್ಟ್‌ನಿಂದ ಲೋಡ್‌ಗೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಎಸ್‌ಎಸ್34 ಶಾಟ್ಕಿ ಡಯೋಡ್. ಬ್ಯಾಟರಿಯಿಂದ ಲೋಡ್‌ಗೆ, ಸ್ವಿಚ್‌ನಂತೆ ಕೆಲಸ ಮಾಡುವ ಎಒ3401 ಪಿ-ಚಾನೆಲ್ ಮಾಸ್‌ಫೆಟ್. ಅದನ್ನು ಆನ್-ಆಫ್ ಮಾಡುವ ಗೇಟ್ ತುದಿ ಯುಎಸ್‌ಬಿ 5 ವೋಲ್ಟ್‌ಗೆ, ಜೊತೆಗೆ ಗೇಟ್‌ನಿಂದ ಗ್ರೌಂಡ್‌ಗೆ 100 ಕಿಲೋಓಮ್ ರೆಸಿಸ್ಟರ್. ಕೇಬಲ್ ಚುಚ್ಚಿದರೆ ಮಾಸ್‌ಫೆಟ್ ಆಫ್, ಆಟ ಯುಎಸ್‌ಬಿ ಮೇಲೆ. ಕಿತ್ತರೆ ಆನ್, ಆಟ ಬ್ಯಾಟರಿ ಮೇಲೆ. ರೆಸಿಸ್ಟರ್ ಬಿಟ್ಟರೆ ಗೇಟ್ ತೇಲುತ್ತದೆ (ಅದರ ವೋಲ್ಟೇಜ್ ಅನಿಶ್ಚಿತವಾಗುತ್ತದೆ), ಕೇಬಲ್ ಕಿತ್ತ ಕ್ಷಣ ಯಂತ್ರ ರೀಬೂಟ್ ಆಗಬಹುದು. ಲೋಡ್ ಕಡೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದರೆ ಕೇಬಲ್ ಕಿತ್ತ ಕ್ಷಣದ ವೋಲ್ಟೇಜ್ ಕುಸಿತವನ್ನು ಅದು ತಡೆಯುತ್ತದೆ.

ನಿಜವಾದ ಅಪಾಯ ಮಾಸ್‌ಫೆಟ್ ತಿರುವುಮುರುವಾದಾಗ. ಅದರ ಉಳಿದೆರಡು ತುದಿಗಳಲ್ಲಿ ಡ್ರೈನ್ ಬ್ಯಾಟರಿಗೆ, ಸೋರ್ಸ್ ಲೋಡ್‌ಗೆ ಇರಬೇಕು. ಉಲ್ಟಾ ಆದರೆ ಒಳಗಿನ ಬಾಡಿ ಡಯೋಡ್ ಮೂಲಕ ಯುಎಸ್‌ಬಿ ಕರೆಂಟ್ ಚಾರ್ಜರನ್ನೇ ದಾಟಿ ಸೆಲ್‌ಗೆ ನುಗ್ಗುತ್ತದೆ. ಬೋರ್ಡ್ ಆಗ ಚೆನ್ನಾಗಿಯೇ ನಡೆಯುತ್ತಿರುವಂತೆ ಕಾಣುತ್ತದೆ! ಸೆಲ್ ಜೋಡಿಸುವ ಮೊದಲು, ಯುಎಸ್‌ಬಿ ಕೊಟ್ಟು ಚಾರ್ಜರ್ ಚಿಪ್ ಇಲ್ಲದ ಬೋರ್ಡ್‌ನಲ್ಲಿ ಬ್ಯಾಟರಿ ತುದಿಗಳಿಗೆ 1 ಕಿಲೋಓಮ್ ರೆಸಿಸ್ಟರ್ ಇಟ್ಟು ವೋಲ್ಟೇಜ್ ಅಳೆಯಿರಿ. ಸೊನ್ನೆಗೆ ಹತ್ತಿರ ಬರಬೇಕು. 4 ವೋಲ್ಟ್ ಕಂಡರೆ ಮಾಸ್‌ಫೆಟ್ ತಿರುಗಿದೆ.