ಅಳಿಸಲು ಒಪ್ಪದ ಫೈಲು
ಲಿನಕ್ಸ್ ಎಂಬ ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಒಂದು ಹಳೆಯ ಫೈಲು ಇಂದು ಏನು ಮಾಡಿದರೂ ಅಳಿಯಲಿಲ್ಲ. ಫೈಲನ್ನು ಅಳಿಸುವ ಹಕ್ಕು ಆ ಫೈಲಿನ ಅನುಮತಿಗಿಂತ ಅದು ಇರುವ ಡೈರೆಕ್ಟರಿಯ (ಫೋಲ್ಡರಿನ) ಬರೆಯುವ ಅನುಮತಿಯನ್ನು ಅವಲಂಬಿಸಿರುವುದರಿಂದ ಮೊದಲು ಅದನ್ನೇ ನೋಡಿದೆ. ಅಲ್ಲಿ ಎಲ್ಲವೂ ಸರಿಯಿತ್ತು. ಹೆಸರು ಅಡ್ಡಗೆರೆಯಿಂದ ಆರಂಭವಾಗಿದ್ದರೆ ಫೈಲು ಅಳಿಸುವ ಆರ್‌ಎಂ ಆದೇಶವು ಅದನ್ನು ಹೆಸರಿನ ಬದಲು ತನಗೆ ಕೊಟ್ಟ ಆಯ್ಕೆಯೆಂದು ಓದಿಕೊಳ್ಳುತ್ತದೆ, ಆಗ ಹೆಸರಿನ ಮುಂದೆ ಚುಕ್ಕೆ ಮತ್ತು ಓರೆಗೆರೆ ಸೇರಿಸಿದರೆ ಸಾಕು. ಇಲ್ಲಿ ಆ ತೊಡಕೂ ಇರಲಿಲ್ಲ. ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನಾಗಿ ಪ್ರಯತ್ನಿಸಿದಾಗಲೂ ‘ಆಪರೇಷನ್ ನಾಟ್ ಪರ್ಮಿಟೆಡ್’ (ಈ ಕೆಲಸಕ್ಕೆ ಅನುಮತಿಯಿಲ್ಲ) ಎಂಬ ಉತ್ತರವೇ ಬಂದಿತು. ಸರ್ವಾಧಿಕಾರಿಗೂ ಬೇಡವೆನ್ನಬಲ್ಲ ವ್ಯವಸ್ಥೆಯ ಬಗ್ಗೆ, ಸಿಟ್ಟಿನ ನಡುವೆಯೂ, ನನಗೆ ಸ್ವಲ್ಪ ಗೌರವ ಮೂಡಿತು. ಫೈಲಿನ ವಿಶೇಷ ಗುರುತುಗಳನ್ನು ತೋರಿಸುವ ಎಲ್‌ಎಸ್‌ಆಟರ್ ಆದೇಶ ಓಡಿಸಿದಾಗ ಗೆರೆಗಳ ಸಾಲಿನ ನಡುವೆ ಒಂದೇ ಒಂದು ‘ಐ’ ಅಕ್ಷರ ಕಾಣಿಸಿತು. ಬದಲಾಯಿಸಲಾಗದು ಎಂಬ ಆ ಗುರುತನ್ನು ಸಿಎಚ್‌ಆಟರ್ ಆದೇಶದಿಂದ ತೆಗೆದ ಕೂಡಲೇ ಫೈಲು ಅಳಿಯಿತು.