ಸ್ಪೀಕರ್ ಬಾಕ್ಸ್‌ಗೆ ಸಿಎನ್‌ಸಿ: ಮೊದಲು ಶೀಟಿನ ದಪ್ಪ ಅಳೆಯಿರಿ

ಪೂಜಾ ಕೋಣೆಯ ಬಾಗಿಲಿಗೆ ಜಾಲಿ ಕೊರೆಯುವ ಸಿಎನ್‌ಸಿ ರೌಟರ್ (ಕಂಪ್ಯೂಟರ್ ಡ್ರಾಯಿಂಗಿನಂತೆ ಮರ ಕತ್ತರಿಸುವ ಮಷೀನು) ಈಗ ಬೆಂಗಳೂರಿನ ಪೀಣ್ಯದಲ್ಲಷ್ಟೇ ಅಲ್ಲ, ಸಣ್ಣ ಊರುಗಳಲ್ಲೂ ಸಿಗುತ್ತದೆ. ಅದೇ ಮಷೀನಿನಲ್ಲಿ ಒಳ್ಳೆಯ ಸ್ಪೀಕರ್ ಬಾಕ್ಸ್ ಕತ್ತರಿಸಿಕೊಳ್ಳಬಹುದು. ಒಂದೇ ತೊಡಕು: ಜಾಲಿಯಲ್ಲಿ ಅರ್ಧ ಮಿ.ಮೀ. ಆಚೀಚೆ ಆದರೆ ಯಾರ ಕಣ್ಣಿಗೂ ಬೀಳದು, ಬಾಕ್ಸಿನಲ್ಲಿ ಅದೇ ಅರ್ಧ ಮಿ.ಮೀ. ಗಾಳಿ ಸೋರುವ ಸಂದಾಗುತ್ತದೆ. ಮಷೀನು ತಪ್ಪುವುದು ಅಪರೂಪ. ತಪ್ಪುವುದು ಶೀಟು, ಇಲ್ಲವೇ ನಾವು ಕೊಟ್ಟ ಡ್ರಾಯಿಂಗು.

ಇಲ್ಲಿ ಉದಾಹರಣೆಗೆ ಆರೂವರೆ ಇಂಚಿನ ವೂಫರ್ (ತಗ್ಗು ದನಿಯ ಸ್ಪೀಕರ್), ಒಂದು ಇಂಚಿನ ಟ್ವೀಟರ್ (ಏರು ದನಿಯದು), 20 ಲೀಟರ್ ಗಾಳಿ, 45 ಹರ್ಟ್ಸ್‌ಗೆ ಟ್ಯೂನ್ ಮಾಡಿದ ಪೋರ್ಟ್ (ಗಾಳಿ ಆಡುವ ಪೈಪು) ಇರುವ ಬಾಕ್ಸ್ ತೆಗೆದುಕೊಂಡಿದ್ದೇನೆ. ಈ ಅಳತೆ ಎಲ್ಲ ವೂಫರಿಗೂ ಹೊಂದುವುದಿಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಶುರುಮಾಡಿ, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಬೆಳೆಸಿದ ಬಾಕ್ಸ್ ಅಳತೆಯ ಲೆಕ್ಕಕ್ಕೆ ಎಫ್‌ಎಸ್ (ವೂಫರಿನ ಸಹಜ ಕಂಪನಾಂಕ), ಕ್ಯೂಟಿಎಸ್ (ಆ ಕಂಪನ ಎಷ್ಟು ಬೇಗ ತಣಿಯುತ್ತದೆ), ವಿಎಎಸ್ (ವೂಫರಿನ ಸ್ಪ್ರಿಂಗ್‌ಗುಣಕ್ಕೆ ಸಮನಾದ ಗಾಳಿಯ ಗಾತ್ರ) ಎಂಬ ಮೂರು ಅಂಕಿ ಬೇಕೇ ಬೇಕು. ಅವನ್ನು ಕೊಡದ ಡ್ರೈವರ್ (ಬಾಕ್ಸಿಗೆ ಕೂರಿಸುವ ಸ್ಪೀಕರ್) ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಬಿಟ್ಟುಬಿಡಿ.

ಬಾಕ್ಸಿನ ಹೊರ ಅಳತೆ 220 × 440 × 340 ಮಿ.ಮೀ. 18 ಮಿ.ಮೀ. ಶೀಟಿನಲ್ಲಿ ಒಳಗೆ 184 × 404 × 304 ಉಳಿಯುತ್ತದೆ, ಅಂದರೆ 22.6 ಲೀಟರ್. ವೂಫರಿನ ಹಿಂಭಾಗ, ಪೋರ್ಟ್ ಪೈಪು, ನಡುವಿನ ಬ್ರೇಸ್ (ಬಾಕ್ಸ್ ಅದುರದಂತೆ ಹಿಡಿಯುವ ಹಲಗೆ) ಸೇರಿ ಸುಮಾರು ಎರಡೂವರೆ ಲೀಟರ್ ನುಂಗುತ್ತವೆ. ಒಂದು ಬಾಕ್ಸಿಗೆ ಬೇಕಾದ ತುಂಡುಗಳು: ಮುಂದೆ ಹಿಂದೆ 220 × 440, ಪಕ್ಕದ ಎರಡು 304 × 440, ಮೇಲೆ ಕೆಳಗೆ 196 × 304, ಅದೇ ಅಳತೆಯ, ನಡುವೆ ಕಿಟಕಿ ತೆಗೆದ ಒಂದು ಬ್ರೇಸ್. ಪಕ್ಕದ ಹಲಗೆಗಳಲ್ಲಿ 6 ಮಿ.ಮೀ. ಆಳದ ಗ್ರೂವ್ (ಇನ್ನೊಂದು ಹಲಗೆಯ ಅಂಚು ಕೂರುವ ತೋಡು) ಇರುತ್ತದೆ, ಅದಕ್ಕೇ 184 ಹೋಗಿ 196 ಆಯಿತು. 8 × 4 ಅಡಿಯ ಒಂದೇ ಶೀಟಿನಲ್ಲಿ ಜೋಡಿ ಬಾಕ್ಸ್ ಎದ್ದು, ಟ್ರಯಲ್ ತುಂಡಿಗೂ ಜಾಗ ಮಿಗುತ್ತದೆ.

ಇನ್ನು ಶೀಟು. 18 ಅಂತ ಮುದ್ರೆ ಬಿದ್ದಿರುವ ಪ್ಲೈವುಡ್ ವರ್ನಿಯರ್‌ಗೆ 17.3 ತೋರಿಸುವುದು ಮಾಮೂಲು, ಒಂದೇ ಶೀಟಿನ ಎರಡು ತುದಿಯಲ್ಲಿ ಬೇರೆ ಬೇರೆ ತೋರಿಸುವುದೂ ಉಂಟು. ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಈ ವಿಷಯದಲ್ಲಿ ಸಭ್ಯ, ಆದರೆ ಒಂದು ಶೀಟು ಹತ್ತಿರ ಹತ್ತಿರ 40 ಕೆಜಿ, ಅಂಚಿಗೆ ನೀರು ತಾಗಿದರೆ ಉಬ್ಬುತ್ತದೆ. ಕರಾವಳಿ, ಮಲೆನಾಡಿನವರು ಅದೇ ಬಗೆಯ, ಇನ್ನೂ ಗಟ್ಟಿಯಾದ ಎಚ್‌ಡಿಎಚ್‌ಎಂಆರ್ ಹಲಗೆ ನೋಡಬಹುದು; ತೇವ ಹೆಚ್ಚು ತಡೆಯುತ್ತದೆ, ರೌಟರಿನ ಬಿಟ್ಟನ್ನು (ಕತ್ತರಿಸುವ ಅಲಗು) ಬೇಗ ಸವೆಸುತ್ತದೆ. ಯಾವುದೇ ಆಗಲಿ, ನಾಲ್ಕೂ ಅಂಚಿನಲ್ಲಿ ಎರಡೆರಡು ಕಡೆ ಅಳೆದು, ಬಂದ ಅತಿ ಹೆಚ್ಚಿನ ದಪ್ಪಕ್ಕೆ 0.15 ಮಿ.ಮೀ. ಸೇರಿಸಿ ಗ್ರೂವಿನ ಅಗಲ ಇಡಿ. ಡ್ರಾಯಿಂಗಿನಲ್ಲಿ ದಪ್ಪವನ್ನು ಒಂದೇ ಕಡೆ ಬದಲಿಸುವಂತೆ ಪ್ಯಾರಾಮೀಟರ್ ಮಾಡಿಕೊಂಡರೆ ಫ್ರೀಕ್ಯಾಡ್ ಆಗಲಿ ಫ್ಯೂಷನ್ ಆಗಲಿ ಉಳಿದದ್ದನ್ನು ತಾನೇ ಸರಿಮಾಡುತ್ತದೆ.

ಗ್ರೂವಿನ ಆಳದಲ್ಲಿ ಒಂದು ಸೂಕ್ಷ್ಮ ಇದೆ, ಹೆಚ್ಚಿನವರು ಎಡವುವುದು ಇಲ್ಲೇ. ಆಪರೇಟರ್ ಝಡ್ ಸೊನ್ನೆಯನ್ನು (ಆಳ ಅಳೆಯಲು ಶುರುಮಾಡುವ ಮಟ್ಟ) ಶೀಟಿನ ಮೇಲ್ಮೈಯಿಂದ ಹಿಡಿದರೆ 17.3ರ ಶೀಟಿನಲ್ಲಿ 6 ಹೋಗಿ ಗ್ರೂವಿನಡಿ 11.3 ಉಳಿಯುತ್ತದೆ. ಎರಡೂ ಪಕ್ಕ ಸೇರಿ ಒಟ್ಟು ಅಗಲ 196 + 22.6 = 218.6. ಮುಂದಿನ ಹಲಗೆ ಮಾತ್ರ 220. ಅಂದರೆ ಇಡೀ ಬಾಕ್ಸಿಗೆ 1.4 ಮಿ.ಮೀ. ತುಟಿ, ಅದನ್ನು ಉಜ್ಜಿ ಸಮಮಾಡಲು ಒಂದು ಭಾನುವಾರ. ಸೊನ್ನೆಯನ್ನು ಬೆಡ್‌ನಿಂದ (ಶೀಟು ಮಲಗುವ ಮೇಜು) ಹಿಡಿದು ‘ಗ್ರೂವಿನಡಿ 12 ಉಳಿಯಬೇಕು’ ಎಂದರೆ ಸರಿಯಾಗಿ 220 ಬರುತ್ತದೆ. ಡ್ರೈವರಿನ ಫ್ಲ್ಯಾಂಜ್ (ಹೊರ ಅಂಚಿನ ಬಳೆ) ಕೂರುವ ತಗ್ಗಿಗೆ ಮಾತ್ರ ಉಲ್ಟಾ: ಅಲ್ಲಿ ಬೇಕಿರುವುದು ಮೇಲ್ಮೈಯಿಂದ ಆಳ, ಆದ್ದರಿಂದ ಮುಂದಿನ ಹಲಗೆಗಳನ್ನು ಬೇರೆ ಪ್ರೋಗ್ರಾಂ ಆಗಿ ಕೊಡಿ.

ಆಪರೇಟರಿಗೆ ಕೊಡುವ ಡ್ರಾಯಿಂಗಿನ ಡಿಎಕ್ಸ್‌ಎಫ್ ಫೈಲ್ ಮಿ.ಮೀ.ನಲ್ಲೇ ಇದೆ ಎಂದು ಫೈಲಿನ ಹೆಸರಲ್ಲೇ ಬರೆಯಿರಿ. ಇಂಚೆಂದು ತೆರೆದರೆ ಎಲ್ಲವೂ 25.4 ಪಟ್ಟು. ಒಳಗೆ ಕತ್ತರಿಸುವುದು, ಹೊರಗೆ ಕತ್ತರಿಸುವುದು, ಗ್ರೂವ್ ಇವು ಮೂರೂ ಬೇರೆ ಬೇರೆ ಲೇಯರ್ ಆಗಿರಲಿ. ವೂಫರಿನ 146 ಮಿ.ಮೀ. ವೃತ್ತವನ್ನು 6 ಮಿ.ಮೀ. ಬಿಟ್ ಗೆರೆಯ ಮೇಲೆಯೇ ಓಡಿ ಕತ್ತರಿಸಿದರೆ ತೂತು 152 ಆಗುತ್ತದೆ, ಹೊರಗಿನಿಂದ ಓಡಿದರೆ 158. ಆಗ ಸ್ಕ್ರೂ ಹಿಡಿಯಲು ಮರವೇ ಇರುವುದಿಲ್ಲ. ಮುಖ್ಯ ಶೀಟಿಗೆ ಮುಂಚೆ ಕಸದ ತುಂಡಿನ ಮೇಲೆ ಒಂದು ಗ್ರೂವ್, ಒಂದು ವೃತ್ತ ತೆಗೆಸಿ ಅಳೆಯಿರಿ. ಸಾಣೆ ಹಿಡಿದ ಬಿಟ್ ಹೆಸರಿಗೆ 6 ಆದರೂ 5.9 ಇರಬಹುದು.

ಬಿಟ್ ಹೊಸದಿರಲಿ, ಎರಡು ಫ್ಲೂಟಿನದು (ಕತ್ತರಿಸುವ ಹಲ್ಲು ಎರಡಿರುವುದು). ಪ್ಲೈವುಡ್ಡಿಗೆ ಕಂಪ್ರೆಷನ್ ಬಿಟ್ ಒಳ್ಳೆಯದು. ಅದರ ತುದಿಯ ಭಾಗ ಮೇಲಕ್ಕೆ ಎತ್ತುತ್ತದೆ, ಉಳಿದದ್ದು ಕೆಳಕ್ಕೆ ಒತ್ತುತ್ತದೆ. ಮೊದಲ ಪಾಸ್ ಆ ತುದಿ ಭಾಗಕ್ಕಿಂತ ಆಳ ಹೋಗದಿದ್ದರೆ ಮೇಲಿನ ವೆನೀರ್ ಕಿತ್ತುಬರುತ್ತದೆ. 18,000 ಆರ್‌ಪಿಎಂಗೆ ನಿಮಿಷಕ್ಕೆ 3,600 ಮಿ.ಮೀ. ಓಡಿಸಿದರೆ ಪ್ರತಿ ಹಲ್ಲಿಗೆ 0.1 ಮಿ.ಮೀ. ಸಿಗುತ್ತದೆ. ಹುಷಾರಾಗಿರಲೆಂದು ಇನ್ನೂ ನಿಧಾನ ಮಾಡುವುದು ಉಪಕಾರವಲ್ಲ: ಬಿಟ್ ಕತ್ತರಿಸುವ ಬದಲು ಉಜ್ಜುತ್ತದೆ, ಬಿಸಿಯಾಗುತ್ತದೆ, ಅಂಚು ಕರಕಲಾಗುತ್ತದೆ. ತೂತು, ಗ್ರೂವ್ ಮೊದಲು, ಹೊರ ಅಂಚು ಕೊನೆಗೆ. ವೂಫರ್ ತೂತಿನ ಬಿಲ್ಲೆಗೂ ಟ್ಯಾಬ್ (ಶೀಟಿಗೆ ಹಿಡಿದಿಡುವ, ಕತ್ತರಿಸದೆ ಬಿಟ್ಟ ಸಣ್ಣ ಕೊಂಡಿ) ಬೇಕು. ಇಲ್ಲದಿದ್ದರೆ ಕಡೇ ಸುತ್ತಿನಲ್ಲಿ ಬಿಲ್ಲೆ ಸಡಿಲವಾಗಿ ಬಿಟ್ಟಿಗೆ ಸಿಕ್ಕಿ ಹಾರುತ್ತದೆ.

ಎಂಡಿಎಫ್ ಧೂಳು ಮೈದಾಹಿಟ್ಟಿಗಿಂತ ನುಣುಪು. ಬಟ್ಟೆ ಸುತ್ತಿಕೊಂಡರೆ ಸಾಲದು, ಎನ್95 ಮಾಸ್ಕ್ ಹಾಕಿ.

ಜೋಡಿಸುವಾಗ ಎಂಡಿಎಫ್ ಅಂಚು ಅಂಟನ್ನು ಕುಡಿದುಬಿಡುತ್ತದೆ. ಒಂದು ಕೈ ಫೆವಿಕಾಲ್ ಸವರಿ, ಹತ್ತು ನಿಮಿಷ ಬಿಟ್ಟು ಮತ್ತೊಂದು ಕೈ ಸವರಿ ಕ್ಲಾಂಪ್ ಹಾಕಿ. ಪಕ್ಕ, ಮೇಲೆ, ಕೆಳಗೆ, ಬ್ರೇಸ್ ಕೂಡಿಸಿದ ಚೌಕಟ್ಟಿನ ಎರಡೂ ಕರ್ಣ 492 ಬರಬೇಕು. ಬಂದ ಮೇಲೆಯೇ ಹಿಂಬದಿ, ಅದಾದ ಮೇಲೆ ಮುಂಬದಿ. ಡ್ರೈವರಿನ ಬೋಲ್ಟ್ ಹಿಡಿಯಲು ಹಲಗೆಯ ಹಿಂದೆ ಕೂರುವ ಟೀ-ನಟ್ಟನ್ನು ಸುತ್ತಿಗೆಯಲ್ಲಿ ಬಡಿದರೆ ಎಂಡಿಎಫ್ ಪದರ ಬಿಡುತ್ತದೆ. ಮುಂದಿನಿಂದ ಬೋಲ್ಟ್ ಹಾಕಿ ತಿರುಗಿಸುತ್ತ ಎಳೆದುಕೊಳ್ಳಿ. ಒಳಸಂದುಗಳಿಗೆಲ್ಲ ಬೆರಳಲ್ಲಿ ಅಂಟು ಎಳೆಯಿರಿ. ಸೋರಿಕೆ ಇದೆಯೇ ನೋಡಲು ಪೋರ್ಟ್ ಮುಚ್ಚಿ ವೂಫರಿನ ಕೋನನ್ನು (ಅದುರುವ ಶಂಕು) ಮೆಲ್ಲಗೆ ಒತ್ತಿ ಬಿಡಿ: ತಡೆದು ತಡೆದು ವಾಪಸ್ ಬಂದರೆ ಸರಿ, ಪಟ್ಟನೆ ಬಂದರೆ ಎಲ್ಲೋ ಸಂದಿದೆ.

ಪೋರ್ಟಿಗೆ ಪ್ಲಂಬಿಂಗ್ ಅಂಗಡಿಯ 75 ಮಿ.ಮೀ. ಪಿವಿಸಿ ಪೈಪು ಸಾಕು. ಒಳವ್ಯಾಸ ಸುಮಾರು 70 ಇದ್ದರೆ ಲೆಕ್ಕದ ಉದ್ದ 23.4 ಸೆಂ.ಮೀ. ಅಷ್ಟಕ್ಕೇ ಕತ್ತರಿಸಬೇಡಿ, 25ಕ್ಕೆ ಕತ್ತರಿಸಿ, ಹಿಂದಿನ ಹಲಗೆಯ ಕೆಳಭಾಗದಲ್ಲಿ ಟೇಪ್ ಸುತ್ತಿ ಬಿಗಿಯಾಗಿ ಕೂರಿಸಿ. ಫೋನಿನ ಟೋನ್ ಜನರೇಟರಿನಿಂದ ಸಣ್ಣ ದನಿಯಲ್ಲಿ 35ರಿಂದ 55 ಹರ್ಟ್ಸ್‌ವರೆಗೆ ನಿಧಾನ ಏರಿಸುತ್ತ ಕೋನಿನ ಮೇಲೆ ಬೆರಳ ತುದಿ ತಾಗಿಸಿ. ಒಂದು ಕಡೆ ನಡುಕ ನಿಂತಂತಾಗಿ, ಪೈಪಿನ ಬಾಯಲ್ಲಿ ಗಾಳಿ ಜೋರಾಗುತ್ತದೆ. ಟ್ಯೂನಿಂಗ್ ಅದೇ. ಅದು 44ರ ಹತ್ತಿರ ಸಿಕ್ಕರೆ ಲೆಕ್ಕ ಸರಿಯಿದೆ. ಒಂದು ಸೆಂ.ಮೀ. ಕತ್ತರಿಸಿದರೆ ಮುಕ್ಕಾಲು ಹರ್ಟ್ಸ್‌ನಷ್ಟು ಏರುತ್ತದೆ, ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು. 45 ಮುಟ್ಟಿದ ಮೇಲೆ ಟೇಪ್ ಬಿಚ್ಚಿ ಸಿಲಿಕೋನ್ ಹಾಕಿ.